ಅಂಗೈ ತೋರಿಸು

ಮಗಳ ಶಾಲೆಯ ಗ್ರೂಪ್ ಫೋಟೋ ನೋಡಿದ ದಿನ ನನ್ನ ಮೈಯೆಲ್ಲ ಉರಿದುಹೋಯಿತು. ಹತ್ತನೇ ಕ್ಲಾಸಿನವರ ಫೋಟೋ ಅದು. ತೆಗೆದದ್ದು ಪರೀಕ್ಷೆಗೆ ಮೊದಲು, ಲ್ಯಾಮಿನೇಶನ್ ಆಗಿ ಮಕ್ಕಳ ಕೈಗೆ ಬಂದದ್ದು ರಿಸಲ್ಟ್ ಆದ ಮೇಲೆ. ತಂದವಳು ನನಗೆ ತೋರಿಸಲೇ ಇಲ್ಲ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಸಿಕ್ಕಿಸಿಟ್ಟಿದ್ದಳು. ಅನ್ನಕ್ಕಿಡಲು ಅಕ್ಕಿ ತೆಗೆಯುವಾಗ ನನ್ನ ಕೈಗೆ ಸಿಕ್ಕಿತು.

ಕಿಟಕಿ ಹತ್ತಿರ ಹಿಡಿದು ನೋಡಿದೆ. ಬಿಳಿ ಶರ್ಟಿನ ಮಕ್ಕಳು, ಹಿಂದೆ ಶಾಲೆಯ ಬಿಳಿ ಗೋಡೆ, ಮುಂದೆ ಕುರ್ಚಿಗಳಲ್ಲಿ ಟೀಚರುಗಳು. ಹಿಂದಿನ ಸಾಲಿನ ತುದಿಯಲ್ಲಿ ನನ್ನ ಮಗಳಿರಬೇಕಾದ ಜಾಗದಲ್ಲಿ ಮುಖಕ್ಕೆ ಅಕ್ಕಿಹಿಟ್ಟು ಬಳಿದುಕೊಂಡವಳಂತೆ ಯಾವಳೋ ನಿಂತಿದ್ದಳು. ಕಣ್ಣು ನನ್ನ ಮಗಳದೇ, ಜಡೆ ಅವಳದೇ, ಬಲಗಡೆಗೆ ಒಂಚೂರು ವಾಲಿ ನಿಲ್ಲುವ ಚಾಳಿಯೂ ಅವಳದೇ. ಬಣ್ಣ ಮಾತ್ರ ಯಾರದೋ. ಕತ್ತು ಒಂದು ಬಣ್ಣ, ಮುಖ ಇನ್ನೊಂದು. ಅವಳ ಪಕ್ಕದಲ್ಲಿ ಮುತ್ತಂಗದ ಕಾಡಂಚಿನ ಆದಿವಾಸಿ ಹಾಡಿಗಳಿಂದ ಬರುವ ಮೂವರು ಹುಡುಗಿಯರಿದ್ದರು, ಅವರ ಮುಖಕ್ಕೂ ಅದೇ ಸುಣ್ಣ. ಇದ್ದ ಬಣ್ಣವನ್ನು ಉಜ್ಜಿ ತೆಗೆದು ಇಲ್ಲದ ಬಣ್ಣ ಹಚ್ಚಿದ್ದರು. ಥೂ, ಯಾರು ಕೊಟ್ಟರು ಇವರಿಗೆ ಈ ಅಧಿಕಾರ?

ಇಷ್ಟು ಕೋಪ ಯಾಕೆಂದರೆ ನನ್ನ ಕಸುಬೇ ಫೋಟೋ. ಕೇರಳದ ಸುಲ್ತಾನ್ ಬತ್ತೇರಿಯಲ್ಲಿ, ಮೈಸೂರಿನ ಬಸ್ಸು ನಿಲ್ಲುವ ಕಡೆ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಸ್ಟುಡಿಯೋ ಇದೆ. ಇಟ್ಟದ್ದು ಅಪ್ಪ, ಈಗ ನಡೆಸುವವಳು ನಾನು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಬಂದದ್ದೆಲ್ಲ ಮಾಡುತ್ತೇನೆ. ನಮ್ಮ ಯಜಮಾನರಿಗೆ ಚೇಕಾಡಿಯಲ್ಲಿ ಗದ್ದೆ. ಬೆಳೆ ನಿಂತಾಗ ಆನೆ ಕಾಯಲು ಅಲ್ಲೇ ಉಳಿದುಬಿಡುತ್ತಾರೆ. "ಪಟಾಕಿ ಯಾಕೆ, ಇವಳನ್ನ ಅಟ್ಟಣೆ ಮೇಲೆ ಕೂರಿಸಿದ್ರೆ ಸಾಕು, ಬಾಯಿಗೆ ಹೆದರಿ ಆನೆ ಕಾಡಿಗೆ ವಾಪಸ್" ಅಂತ ನೆಂಟರ ಮುಂದೆ ನನ್ನನ್ನು ಹಂಗಿಸುವುದುಂಟು. ಹಂಗಿಸಲಿ. ಬಾಯಿ ಇಲ್ಲದ ಹೆಣ್ಣಿಗೆ ಈ ಊರಲ್ಲಿ ಸ್ಟುಡಿಯೋ ನಡೆಸಲಿಕ್ಕಾಗುವುದಿಲ್ಲ.

ಅಪ್ಪ ಗುಂಡ್ಲುಪೇಟೆ ಕಡೆಯವರು. ಹುಡುಗುತನದಲ್ಲಿ ತರಕಾರಿ ಲಾರಿ ಹತ್ತಿ, ಮುತ್ತಂಗದ ಕಾಡು ದಾಟಿ ಈ ಕಡೆ ಬಂದು, ಇಲ್ಲೇ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು, ಆಮೇಲೆ ಸ್ವಂತದ್ದು ಇಟ್ಟರು. ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ. ಕಪ್ಪಗಿದ್ದರು. ಬರೀ ಕಪ್ಪಲ್ಲ, ಎಣ್ಣೆ ಸವರಿದ ಕಲ್ಲಿನ ಹಾಗೆ ಮಿರಿಮಿರಿ ಕಪ್ಪು. ಕೊರಳಲ್ಲಿ ಯಾವಾಗಲೂ ದಾರಕ್ಕೆ ಕಟ್ಟಿದ ಒಂದು ಪುಟ್ಟ ಪೆಟ್ಟಿಗೆ ತೂಗುತ್ತಿತ್ತು. ಬೆಳಕು ಅಳೆಯುವ ಮೀಟರು ಅದು. ಬೆಳಕು ಬಿದ್ದರೆ ಅದರೊಳಗಿನ ಮುಳ್ಳು ಅಲ್ಲಾಡುತ್ತಿತ್ತು. ಮುಳ್ಳು ನೋಡಿ ಕ್ಯಾಮೆರಾದ ಕಣ್ಣು ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆಯಬೇಕು ಎಂದು ಅಪ್ಪ ಲೆಕ್ಕ ಹಾಕುತ್ತಿದ್ದರು.

ಆದರೆ ಮುಖಕ್ಕೆ ಮೀಟರು ಹಿಡಿದವರೇ ಅಲ್ಲ. ಕುರ್ಚಿಯ ಮೇಲೆ ಕೂತವರಿಗೆ ಅವರು ಹೇಳುತ್ತಿದ್ದ ಮೊದಲ ಮಾತು "ಅಂಗೈ ತೋರಿಸಿ." ತೋರಿಸಿದ ಅಂಗೈಯನ್ನು ಮುಖದ ಪಕ್ಕಕ್ಕೆ ತಂದು, ಅದರ ಹತ್ತಿರ ಮೀಟರು ಹಿಡಿದು ಅಳೆಯುತ್ತಿದ್ದರು. ಮೀಟರು ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಟ್ಟು ಬಟನ್ ಒತ್ತುತ್ತಿದ್ದರು. ಅಂಗೈ ಯಾಕೆ ಎಂದು ನಾನು ಕೇಳಿದ್ದೆ. ಒಂದು ಮಧ್ಯಾಹ್ನ ನನ್ನನ್ನು ಕಿಟಕಿ ಹತ್ತಿರ ನಿಲ್ಲಿಸಿಕೊಂಡು ಹೇಳಿಕೊಟ್ಟರು.

"ನೋಡು ಮಗ, ಈ ಮೀಟ್ರು ಶುದ್ಧ ಮಂಕು. ಇದಕ್ಕೆ ಮುಖ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ. ಲೋಕದಲ್ಲಿ ಇರೋದೆಲ್ಲ ಬೂದಿ ಬಣ್ಣದ್ದು ಅಂದ್ಕೊಂಡದೆ. ಬಿಳಿ ಗೋಡೆ ತೋರ್ಸು, ಅಯ್ಯೋ ಬೆಳಕು ಜಾಸ್ತಿ ಆಯ್ತು ಅಂತ ಇಳಿಸಿ ಗೋಡೆನ ಬೂದಿ ಮಾಡ್ತದೆ. ಎಮ್ಮೆ ತೋರ್ಸು, ಪಾಪ ಬೆಳಕು ಸಾಲ್ದು ಅಂತ ಏರಿಸಿ ಎಮ್ಮೆನೂ ಬೂದಿ ಮಾಡ್ತದೆ. ನನ್ ಮುಖಕ್ಕೆ ಹಿಡಿದ್ರೆ ನಾನು ಬೆಳ್ಳಗಾಯ್ತೀನಿ, ನಿಮ್ಮವ್ವನ ಮುಖಕ್ಕೆ ಹಿಡಿದ್ರೆ ಅವಳು ಮಂಕಾಯ್ತಾಳೆ. ಅಂಗೈ ಹಂಗಲ್ಲ. ಕರಿಯರದ್ದೋ ಬಿಳಿಯರದ್ದೋ, ಅಂಗೈ ಹೆಚ್ಚುಕಮ್ಮಿ ಒಂದೇ ಬಣ್ಣ. ಬೂದಿಗಿಂತ ಒಂದು ಮೆಟ್ಲು ತಿಳಿ, ಅದ್ಕೇ ಒಂದು ಮೆಟ್ಲು ಜಾಸ್ತಿ ಕೊಡೋದು. ಅಲ್ಲಿ ಅಳೆದ್ರೆ ಯಾರಿಗೂ ಮೋಸ ಇಲ್ಲ."

ಈ ಅಂಗೈಯ ವಿಷಯದಲ್ಲಿ ಊರಿನವರು ಮಾಡಿಕೊಂಡ ತಪ್ಪು ನೆನೆದರೆ ಇವತ್ತಿಗೂ ನಗು ಬರುತ್ತದೆ. ಕೊರಳಲ್ಲಿ ಪೆಟ್ಟಿಗೆ ಕಟ್ಟಿಕೊಂಡ, ಕಾಡಿನಾಚೆಯಿಂದ ಬಂದ ಕನ್ನಡದ ಮನುಷ್ಯ ಕೂತವರ ಕೈ ಹಿಡಿದು ನೋಡುತ್ತಾನೆ, ಏನೋ ಗೊಣಗುತ್ತಾನೆ, ಆಮೇಲೇ ಫೋಟೋ ತೆಗೆಯುತ್ತಾನೆ. ಇನ್ನೇನು, ಇವನು ಹಸ್ತ ನೋಡುವವನೇ ಎಂದು ಜನ ತೀರ್ಮಾನ ಮಾಡಿಬಿಟ್ಟರು. ಗಂಡಸರು ಬಲಗೈ, ಹೆಂಗಸರು ಎಡಗೈ ಚಾಚುವುದು ಶುರುವಾಯಿತು. ಮದುಮಗಳ ತಾಯಂದಿರು ಮೆಲ್ಲಗೆ ಪಕ್ಕಕ್ಕೆ ಬಂದು "ಹೇಗಿದೆ ಇವಳ ಕೈ?" ಎಂದು ವಿಚಾರಿಸುತ್ತಿದ್ದರು. ಅಪ್ಪ ಎಷ್ಟು ಸಲ ಬಿಡಿಸಿ ಹೇಳಿದರೂ ಯಾರೂ ನಂಬಲಿಲ್ಲ. ದೊಡ್ಡ ಜ್ಯೋತಿಷಿಗಳು ಹೀಗೇ ಬಿಟ್ಟುಕೊಡುವುದಿಲ್ಲ ಎಂದು ಇನ್ನೂ ಹೆಚ್ಚು ನಂಬಿದರು. ಈಗ ಮೀಟರು ಕ್ಯಾಮೆರಾದ ಹೊಟ್ಟೆಯೊಳಗೇ ಇದೆ. ಆದರೂ ನಮ್ಮ ಸ್ಟುಡಿಯೋಕ್ಕೆ ಬಂದವರು ಕುರ್ಚಿಯ ಮೇಲೆ ಕೂತ ಕೂಡಲೇ ನಾನು ಕೇಳದಿದ್ದರೂ ಅಂಗೈ ಚಾಚುತ್ತಾರೆ. ನಾನೂ ಅಪ್ಪನ ಹಳೆಯ ಮೀಟರಿನಿಂದ ಅಲ್ಲೇ ಅಳೆಯುತ್ತೇನೆ.

ನನ್ನ ಮಗಳಿಗೆ ಬಂದಿರುವುದು ಈ ತಾತನ ಬಣ್ಣ. ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿರುವ ವಿಷಯ, ಎಲ್ಲರೂ ದಿನಾ ಹೇಳುವ ವಿಷಯ. ಎಲ್ಲರಿಗಿಂತ ಹೆಚ್ಚು ಹೇಳುವವಳು ನನ್ನ ಅವ್ವ. ಅವ್ವ ನಮ್ಮ ಜೊತೆಗೇ ಇದ್ದಾಳೆ. ಬೆಳ್ಳಗಿನ ಹೆಂಗಸು, ಆ ಬಗ್ಗೆ ಜಂಬವೂ ಇದೆ. ಮೊಮ್ಮಗಳೆಂದರೆ ಪ್ರಾಣ. ಭಾನುವಾರ ಬಂತೆಂದರೆ ಕಡಲೆಹಿಟ್ಟು ಮೊಸರು ಕಲಸಿ ಅವಳ ಮುಖಕ್ಕೆ ಬಳಿಯುತ್ತಾಳೆ, ಜಡೆ ಹೆಣೆಯುತ್ತಾಳೆ. ಹೆಣೆದು ಮುಗಿಸಿ ಗಲ್ಲ ಹಿಡಿದು ಹೇಳುತ್ತಾಳೆ: "ಕಪ್ಪಾದ್ರೂ ಲಕ್ಷಣವಾಗವ್ಳೆ ನನ್ ಕೂಸು."

ಈ 'ಆದ್ರೂ' ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಬೆಳ್ಳಗಿರುವವರಿಗೆ ಯಾರಾದರೂ 'ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ' ಎನ್ನುತ್ತಾರಾ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಹೇಳುವ ಜನವೇ ಕೂಸು ಹುಟ್ಟಿದ ಕೂಡಲೇ ಕಿವಿಯ ಅಂಚಿನ ಬಣ್ಣ ನೋಡುತ್ತಾರೆ. ಎಷ್ಟೋ ಸಲ ಅವ್ವನ ಮೇಲೆ ಹರಿಹಾಯ್ದಿದ್ದೇನೆ. "ಹೊಗಳುದ್ರೂ ತಪ್ಪಾ? ನಿನ್ ಮೂಗಿನ್ ತುದೀಲೇ ಸಿಟ್ಟು" ಎಂದು ನನ್ನನ್ನೇ ಗದರಿಸಿ ಒಳಗೆ ಹೋಗುತ್ತಾಳೆ.

ಅಪ್ಪ ತೀರಿಕೊಂಡಾಗಲೂ ಇದೇ ಜಗಳ. ಗೋಡೆಗೆ ಹಾಕಲು ಅವರ ಫೋಟೋ ದೊಡ್ಡದು ಮಾಡಿಸಬೇಕಿತ್ತು. ನಾನು ಮಾಡುತ್ತೇನೆ ಎಂದೆ. ಸೂತಕದ ಮನೆಯಲ್ಲಿ ನೀನೇನು ಮಾಡುತ್ತೀಯ ಎಂದು ಅವ್ವ ಬೇರೆ ಊರಿನ ಲ್ಯಾಬಿಗೆ ಕೊಡಿಸಿದಳು, "ಒಸಿ ಬೆಳ್ಳಗೆ ಬರ್ಲಿ" ಎಂದು ಹೇಳಿಯೂ ಕಳಿಸಿದಳು. ಬಂದ ಫೋಟೋದಲ್ಲಿ ಗುಲಾಬಿ ಕೆನ್ನೆಯ, ಕೆಂಪು ತುಟಿಯ ಒಬ್ಬ ಗಂಡಸಿದ್ದ. ಹಾಕಕೂಡದು ಎಂದು ನಾನು ಕೂಗಾಡಿದೆ. ಸಾವಿನ ಮನೆಯಲ್ಲಿ ಕೂಗಾಡುತ್ತಾಳಲ್ಲ ಎಂದು ನೆಂಟರೆಲ್ಲ ನನ್ನನ್ನು ಕೂರಿಸಿದರು. ಆ ಗುಲಾಬಿ ಕೆನ್ನೆಯವನೇ ಗೋಡೆ ಹತ್ತಿದ. ಅವತ್ತಿನಿಂದ ಅವ್ವ ದಿನಾ ಬೆಳಿಗ್ಗೆ ಅವನಿಗೆ ಹೂ ಮುಡಿಸುತ್ತಾಳೆ.

ಇದೆಲ್ಲ ಹೊಟ್ಟೆಯಲ್ಲಿದ್ದುದರಿಂದ ಗ್ರೂಪ್ ಫೋಟೋ ಕಂಡಾಗ ನನಗೆ ತಡೆಯಲಾಗಲಿಲ್ಲ. ಏನಾಗಿದೆ ಎಂದು ನಾನೇ ಊಹಿಸಿಕೊಂಡೆ. ಬಿಳಿ ಶರ್ಟು, ಬಿಳಿ ಗೋಡೆ ಕಂಡು ಕ್ಯಾಮೆರಾ ಬೆಳಕು ಇಳಿಸಿದೆ, ಹಿಂದಿನ ಸಾಲಿನ ಕಪ್ಪು ಮುಖಗಳು ಕತ್ತಲಲ್ಲಿ ಮುಳುಗಿವೆ, ತೆಗೆದವನು ಅಳೆಯಲು ಬಾರದ ದಡ್ಡ, ತಪ್ಪು ಮುಚ್ಚಲು ಕಂಪ್ಯೂಟರಿನಲ್ಲಿ ಸುಣ್ಣ ಬಳಿದಿದ್ದಾನೆ. ಮಗಳು ನಾಚಿಕೆಯಿಂದ ಅದನ್ನು ಅಡಗಿಸಿಟ್ಟಿದ್ದಾಳೆ. ಎಷ್ಟು ನೊಂದಿರಬೇಕು ನನ್ನ ಮಗು! ಅವಳನ್ನು ಒಂದು ಮಾತೂ ಕೇಳದೆ ಕೊಡೆ ಹಿಡಿದುಕೊಂಡು ಶಾಲೆಗೆ ಹೊರಟೆ.

ಹೆಡ್ ಟೀಚರ್ ನನಗೆ ಕುರ್ಚಿ ಕೊಟ್ಟರು. ನಾನು ಕೂರಲಿಲ್ಲ. ಫೋಟೋವನ್ನು ಅವರ ಮೇಜಿನ ಮೇಲಿಟ್ಟು, ಈ ನಾಲ್ಕು ಮಕ್ಕಳ ಮುಖ ಎಲ್ಲಿ ಹೋಯಿತು ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಚೆನ್ನಾಗೇ ಬಂದಿದೆಯಲ್ಲ ಚೇಚಿ," ಎಂದರು ಮಲಯಾಳದಲ್ಲಿ, ಅಕ್ಕ ಎನ್ನುವ ಹಾಗೆ. "ಎಲ್ಲರೂ ಬೆಳ್ಳಗೆ ಕಾಣ್ತಿದ್ದಾರೆ. ಕಪ್ಪಗೆ ಬಂದಿದೆ ಅಂತ ಜಗಳಕ್ಕೆ ಬರುವವರನ್ನು ನೋಡಿದ್ದೇನೆ. ಬೆಳ್ಳಗೆ ಬಂದಿದೆ ಅಂತ ಜಗಳಕ್ಕೆ ಬಂದವರು ನೀವೇ ಮೊದಲು."

"ಟೀಚರೇ, ನಾಳೆ ನಿಮ್ಮ ಮೂಗು ಚೆನ್ನಾಗಿಲ್ಲ ಅಂತ ಬೇರೆ ಮೂಗು ಅಂಟಿಸಿದರೆ ಸುಮ್ಮನಿರ್ತೀರಾ?" ಎಂದೆ.

ಅವರ ಮುಖ ಗಂಟಿಕ್ಕಿತು. ಶಾಲೆಗೂ ಇದಕ್ಕೂ ಸಂಬಂಧವಿಲ್ಲ, ಫೋಟೋದವನನ್ನೇ ಕೇಳಿ ಎಂದು ಕೈ ತೊಳೆದುಕೊಂಡರು. ಫೋಟೋದವನು ಪರಸ್ಥಳದವನೇನಲ್ಲ, ಪುಲ್ಪಳ್ಳಿಗೆ ಹೋಗುವ ರಸ್ತೆಯಲ್ಲಿ ಅಂಗಡಿ ಇಟ್ಟಿರುವವನು. ಮದುವೆ ಮನೆಗಳಲ್ಲಿ ಎದುರಾದರೆ ಇಬ್ಬರೂ ಮುಗುಳ್ನಗುತ್ತೇವೆ. ಅವತ್ತು ನಾನು ನಗಲಿಲ್ಲ.

ಕೊಡೆಯಿದ್ದೂ ಮಳೆಯಲ್ಲಿ ನೆನೆದುಕೊಂಡೇ ಅವನ ಅಂಗಡಿ ಹತ್ತಿದೆ. ಪುಟ್ಟ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನ ತಾಯಿ ಕೂತಿದ್ದರು. ಅವರೆದುರಿಗೇ ಶುರು ಮಾಡಿದೆ. ಬೆಳಕು ಅಳೆಯಲು ಬಾರದಿದ್ದರೆ ಈ ಕಸುಬು ಯಾಕೆ, ಹೋಗಿ ಶುಂಠಿ ಬೆಳಿ, ಬಿಳಿ ಗೋಡೆ ಮುಂದೆ ಮಕ್ಕಳನ್ನು ನಿಲ್ಲಿಸುವಾಗ ಕ್ಯಾಮೆರಾ ಮೋಸ ಹೋಗುತ್ತದೆಂದು ನಿನಗೆ ಯಾರೂ ಹೇಳಿಕೊಡಲಿಲ್ಲವಾ ಎಂದೆಲ್ಲ ಬಾಯಿಗೆ ಬಂದಂತೆ ಬೈದೆ. ಸುಸ್ತಾಗಿ ನಾನು ನಿಲ್ಲಿಸಿದ ಮೇಲೆ ಅವನು ಕಂಪ್ಯೂಟರ್ ಹಚ್ಚಿದ.

"ಚೇಚಿ, ಇದು ನೋಡಿ. ಕ್ಯಾಮೆರಾದಿಂದ ಬಂದ ಹಾಗೇ ಇದೆ, ನಾನು ಮುಟ್ಟಿಲ್ಲ."

ನೋಡಿದೆ. ಅಲ್ಲೊಂದು ತಪ್ಪಿರಲಿಲ್ಲ. ಬಿಳಿ ಬಿಳಿಯಾಗಿತ್ತು, ಶರ್ಟಿನ ಮಡಿಕೆಗಳು ಕೂಡ ಕಾಣುತ್ತಿದ್ದವು. ಹಿಂದಿನ ಸಾಲಿನ ಮುಖಗಳು ಕಪ್ಪಗೆ, ಸ್ಪಷ್ಟವಾಗಿ, ಬೆಳಗಿನ ಬೆಳಕು ಕೆನ್ನೆಯ ಮೇಲೆ ಹೊಳೆಯುತ್ತಾ ಇದ್ದವು. ನನ್ನ ಮಗಳು ಬಲಕ್ಕೆ ವಾಲಿ ನಿಂತು ನಗುತ್ತಿದ್ದಳು. ನಾನು ತೆಗೆದಿದ್ದರೂ ಇದಕ್ಕಿಂತ ಸರಿಯಾಗಿ ಬರುತ್ತಿರಲಿಲ್ಲ.

"ಟೀಚರೊಬ್ಬರ ಅಂಗೈ ಹಿಡಿದೇ ಅಳೆದೆ," ಎಂದ. "ಈ ಊರಲ್ಲಿ ಫೋಟೋ ತೆಗೆಯುವವರೆಲ್ಲ ಹಾಗೇ ಅಲ್ಲವಾ ಅಳೆಯೋದು."

"ಮತ್ತೆ ಯಾಕೋ ಹೀಗೆ ಮಾಡಿದೆ? ಯಾರು ಹೇಳಿದರು ನಿನಗೆ?"

ಅವನು ತಾಯಿಯ ಮುಖ ನೋಡಿದ. ನಾನು ಮತ್ತೆ ಕೇಳಿದೆ. ಹೇಳುವವರೆಗೆ ಇಲ್ಲಿಂದ ಕದಲುವುದಿಲ್ಲ ಎಂದೆ.

"ನಿಮ್ಮ ಮಗಳೇ ಚೇಚಿ," ಎಂದ ಮೆಲ್ಲಗೆ. "ಫೋಟೋ ತೆಗೆದ ಮೇಲೆ ನಾನು ಸ್ಟ್ಯಾಂಡ್ ಮಡಚುವಾಗ ಒಬ್ಬಳೇ ಬಂದಳು. ಅಣ್ಣಾ, ನನ್ನನ್ನು ಒಂಚೂರು ಬೆಳ್ಳಗೆ ಮಾಡಿ, ಅಮ್ಮನಿಗೆ ಹೇಳಬೇಡಿ ಅಂದಳು. ಆಗಲ್ಲ ಮಗಳೇ ಅಂದೆ. ಕಣ್ಣಲ್ಲಿ ನೀರು ಹಾಕಿಕೊಂಡಳು. ಏನು ಮಾಡಲಿ? ಅವಳೊಬ್ಬಳನ್ನೇ ಮಾಡಿದರೆ ಸಾಲಿನಲ್ಲಿ ಎದ್ದು ಕಾಣ್ತಿದ್ದಳು. ಅದಕ್ಕೆ ಪಕ್ಕದ ಮೂವರನ್ನೂ ಮಾಡಿದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಮೂವರನ್ನು ಕೇಳಿದೆಯಾ ಎಂದೆ. ಇಲ್ಲ ಎಂದು ತಲೆ ತಗ್ಗಿಸಿದ. ಅವರಿಗೆ ಸರಿಯಾದ ಫೋಟೋ ಹೊಸದಾಗಿ ಮಾಡಿ ಹಾಡಿಗೇ ಹೋಗಿ ಕೊಟ್ಟು ಬಾ ಎಂದು ಹೇಳಿದೆ, ಒಪ್ಪಿಕೊಂಡ. ಆಮೇಲೆ ಹೋಗಿ ಕೊಟ್ಟದ್ದೂ ನಿಜ. ಆದರೆ ಆ ಹೊತ್ತಿಗೆ ನನ್ನ ದನಿಯಲ್ಲಿ ಮೊದಲಿನ ಜೋರು ಉಳಿದಿರಲಿಲ್ಲ. ಇಷ್ಟು ಹೊತ್ತು ಊರಿನವರಿಗೆಲ್ಲ ಹಂಚಿದ ಬೈಗುಳಗಳ ವಾರಸುದಾರಳು ನನ್ನ ಮನೆಯಲ್ಲೇ ಕೂತಿದ್ದಳು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ.

ಅವತ್ತು ರಾತ್ರಿ ಅವಳಿಗೆ ಏನೂ ಹೇಳಲಿಲ್ಲ. ಮಾತಾಡಿದರೆ ಕೈ ಎತ್ತಿಬಿಡುತ್ತೇನೆ ಎಂಬ ಭಯ. ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸು ಸೇರಲು ಅವಳಿಗೆ ಹೇಗೂ ಪಾಸ್‌ಪೋರ್ಟ್ ಸೈಜು ಫೋಟೋ ಬೇಕಿತ್ತು. ಬೆಳಿಗ್ಗೆ ಅವಳನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬಳೇ ಸಿಗುತ್ತಾಳೆ, ನಿಧಾನವಾಗಿ ಕೇಳೋಣ ಎಂದುಕೊಂಡಿದ್ದೆ. ನನಗೆ ನಿಧಾನ ಎಲ್ಲಿಂದ ಬರಬೇಕು? ದೀಪ ಹಚ್ಚಿ, ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಅಪ್ಪನ ಮೀಟರು ಎತ್ತಿಕೊಂಡು ಅಭ್ಯಾಸಬಲದಿಂದ ಹೇಳಿದೆ: "ಅಂಗೈ ತೋರಿಸು."

ಅವಳು ಕೈ ಚಾಚಿದಳು. ಆದರೆ ಮಗುಚಿ ಚಾಚಿದಳು. ಅಂಗೈ ಕೆಳಗೆ, ಮುಂಗೈಯ ಕಪ್ಪು ಮೇಲೆ.

"ಇಲ್ಲಿ ಅಳೆ," ಎಂದಳು.

ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಗೊತ್ತಿಲ್ಲದೆ ಮಾಡಿದರು ಎನ್ನಬಹುದಿತ್ತು. ಇವಳು ಆ ಸ್ಟುಡಿಯೋದ ಬೆಂಚಿನ ಕೆಳಗೆ ಆಡಿ ಬೆಳೆದವಳು. ಕಪ್ಪಿಗೆ ಹಿಡಿದರೆ ಮೀಟರು ಬೆಳಕು ಸಾಲದು ಎನ್ನುತ್ತದೆ, ಹೆಚ್ಚು ಬೆಳಕು ಕೊಟ್ಟರೆ ಮುಖ ಬೆಳ್ಳಗಾಗುತ್ತದೆ, ಕಂಪ್ಯೂಟರಿನ ಸುಣ್ಣವೇ ಬೇಕಿಲ್ಲ. ಅದನ್ನೆಲ್ಲ ತಾತನ ಬಾಯಿಂದಲೇ ಕೇಳಿದ್ದಳು. ತಾತ ಕಲಿಸಿದ ವಿದ್ಯೆಯನ್ನು ತಿರುಗಿಸಿ ಹಿಡಿದಿದ್ದಳು.

ನನ್ನ ತಲೆ ಕೆಟ್ಟಿತು. "ಏನೇ ಆಗಿದೆ ನಿನಗೆ? ಆ ಫೋಟೋದವನ ಹತ್ರ ಹೋಗಿ ಅತ್ತೆಯಂತೆ! ಫೋಟೋ ತೆಗೆಯೋಳ ಮಗಳಾಗಿ ನಾಚಿಕೆ ಆಗಲ್ವಾ? ನಿನ್ನ ಬಣ್ಣಕ್ಕೆ ಏನು ಕಮ್ಮಿಯಾಗಿದೆ?"

"ಏನೂ ಕಮ್ಮಿ ಆಗಿಲ್ಲ ಅಂತ ನೀನೊಬ್ಳೇ ಹೇಳೋದು!" ಅವಳೂ ಕೂಗಿದಳು. "ಕ್ಲಾಸಲ್ಲಿ ಯಾರೂ ಹೇಳಲ್ಲ. ಮನೇಲೂ ಹೇಳಲ್ಲ. ಅಂಗೈ ಎಲ್ಲರ್ದೂ ಒಂದೇ ಅಂತ ತಾತ ಹೇಳ್ತಿದ್ರಲ್ಲ, ಸರಿ, ಒಪ್ಪಿದೆ. ಯಾರಮ್ಮ ನನ್ನ ಅಂಗೈ ನೋಡೋರು? ಎಲ್ಲರೂ ನೋಡೋದು ಈ ಕಡೆನೇ ಅಲ್ವಾ?" ಎಂದು ಮುಂಗೈಯನ್ನು ನನ್ನ ಮುಖದ ಹತ್ತಿರ ತಂದಳು.

"ಯಾರಾದ್ರೂ ನೋಡ್ಕೊಳ್ಳಲಿ. ಇದು ನಿನ್ನ ತಾತನ ಬಣ್ಣ ಕಣೇ."

"ತಾತನ ಬಣ್ಣವಾ? ಯಾವ ತಾತ? ಗೋಡೆ ಮೇಲೆ ಇರೋ ತಾತನಾ? ಅವರನ್ನೇ ಬಿಳಿ ಮಾಡಿ ಹೂ ಹಾಕ್ತೀರಲ್ಲಮ್ಮ. ಸತ್ತ ಮೇಲೂ ಬಿಡಲಿಲ್ಲ ನೀವು. ನನ್ನ ಹೇಗೆ ಬಿಡ್ತೀರ?"

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ಮಳೆಯಲ್ಲಿ ಕೊಡೆಯೂ ಇಲ್ಲದೆ ರಸ್ತೆ ದಾಟುವುದು ಕಿಟಕಿಯಿಂದ ಕಾಣಿಸಿತು. ನಾನು ಮೀಟರು ಹಿಡಿದುಕೊಂಡು ನಿಂತೇ ಇದ್ದೆ. ದಿನಾ ಆ ಗೋಡೆಯ ಕೆಳಗೇ ಕೂತು ಊಟ ಮಾಡುವ ಹುಡುಗಿ ಅವಳು. ಮನುಷ್ಯ ಸತ್ತರೆ ದೇವರ ಜೊತೆ ಗೋಡೆ ಹತ್ತಬೇಕಾದರೂ ಬೆಳ್ಳಗಾಗಬೇಕು ಎಂದು ನಾವೇ ಅವಳಿಗೆ ಕಲಿಸಿದ್ದೆವು. ನನ್ನ ಅವ್ವನ ಮೇಲೆ, ಆ ಲ್ಯಾಬಿನವನ ಮೇಲೆ, ನನ್ನನ್ನು ಕೈಹಿಡಿದು ಕೂರಿಸಿದ ನೆಂಟರ ಮೇಲೆ ಹಳೆಯ ಸಿಟ್ಟೆಲ್ಲ ಒಟ್ಟಿಗೆ ಕುದಿಯಿತು.

ಸ್ಟುಡಿಯೋದ ಬಾಗಿಲಿನ ಶಟರ್ ಅರ್ಧ ಎಳೆದು ಅಪ್ಪನ ನೆಗೆಟಿವ್‌ಗಳನ್ನು ಹುಡುಕಲು ಕೂತೆ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ತುಂಬಿಟ್ಟಿದ್ದರು. ಎಲ್ಲ ಬೇರೆಯವರ ಮುಖಗಳೇ. ಬೆಳಕು ಬೀರಿ ಎಲ್ಲರ ಮುಖ ಹಿಡಿದವರು ತಮ್ಮದನ್ನು ಹಿಡಿದದ್ದು ಕಡಿಮೆ. ಕೊನೆಗೆ ತಳದಲ್ಲಿ ಒಂದು ಸಿಕ್ಕಿತು. ಹೊಸ ಕ್ಯಾಮೆರಾ ಕೊಂಡಾಗ ಪರೀಕ್ಷೆ ಮಾಡಲು ಸ್ಟ್ಯಾಂಡಿಗೆ ಹಾಕಿ ತಮ್ಮದೇ ಫೋಟೋ ತೆಗೆದುಕೊಂಡಿದ್ದರು. ಕಿಟಕಿಯ ಬೆಳಕಿನಲ್ಲಿ ಕೂತು, ಅಳತೆಗೆಂದು ಅಂಗೈಯನ್ನು ಮುಖದ ಪಕ್ಕಕ್ಕೆ ಎತ್ತಿ ಹಿಡಿದಿದ್ದರು.

ನೆಗೆಟಿವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಕ್ಯಾಮೆರಾದಲ್ಲಿ ತೆಗೆದೆ, ಕಂಪ್ಯೂಟರಿನಲ್ಲಿ ಬೆಳಕು ಕತ್ತಲೆಯನ್ನು ಅದಲುಬದಲು ಮಾಡಿದೆ. ಮುಖವನ್ನು ಮುಟ್ಟಲಿಲ್ಲ. ಅಂಗೈ ಒಂದನ್ನೇ ನೋಡುತ್ತಾ ಬೆಳಕು ಏರಿಸಿದೆ, ಇಳಿಸಿದೆ. ಅಂಗೈ ಸರಿಯಾದಾಗ ಮುಖ ತಾನಾಗೇ ಸರಿಯಾಗಿತ್ತು. ಅಪ್ಪ ಬಂದು ಎದುರಿಗೆ ಕೂತಿದ್ದರು, ಅದೇ ಮಿರಿಮಿರಿ ಕಪ್ಪು, ಹಣೆಯ ಮೇಲೆ ಕಿಟಕಿಯ ಹೊಳಪು. ಅವರು ಹೋದಾಗಲೂ ಅಷ್ಟು ಅಳದವಳು ಆ ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತೆ. ಅತ್ತು ಮುಗಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ ಮನೆಗೆ ತಂದೆ.

ಸಂಜೆ ದೀಪ ಹಚ್ಚುವ ಹೊತ್ತು. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಗಳು ಕೋಣೆಯೊಳಗೆ ಬಾಗಿಲು ಹಾಕಿಕೊಂಡಿದ್ದಳು. ನಾನು ಸ್ಟೂಲು ಹತ್ತಿ ಗುಲಾಬಿ ಕೆನ್ನೆಯವನನ್ನು ಮೊಳೆಯಿಂದ ಇಳಿಸಿದೆ.

"ಏನೇ ಮಾಡ್ತಿದೀಯ? ದೀಪದ್ ಹೊತ್ನಲ್ಲಿ ಸತ್ತೋರ್ ಫೋಟೋ ಇಳಿಸ್ತಾರಾ? ಹುಚ್ಚು ಹಿಡೀತಾ ನಿಂಗೆ?" ಅವ್ವ ಮೊರ ಇಟ್ಟು ಎದ್ದಳು.

"ಹೂಂ, ಹಿಡೀತು," ಎಂದು ಅದೇ ಮೊಳೆಗೆ ಹೊಸದನ್ನು ತೂಗುಹಾಕಿದೆ. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಬರಲಿ ಇವತ್ತು ಎಂದು ಸೊಂಟಕ್ಕೆ ಕೈಯಿಟ್ಟು ನಿಂತೆ.

ಅವ್ವ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಹತ್ತಿರ ಬಂದಳು. ನೋಡಿದಳು. ಫೋಟೋದಲ್ಲಿನ ಅಂಗೈಯ ಮೇಲೆ, ಹೆಬ್ಬೆರಳ ಬುಡದಲ್ಲಿದ್ದ ಗಾಯದ ಗುರುತನ್ನು ಬೆರಳಿಂದ ಮುಟ್ಟಿದಳು.

"ಫಿಲಂ ಕತ್ತರ್ಸುವಾಗ ಕುಯ್ಕಂಡಿದ್ರು," ಎಂದಳು. "ನಾನೇ ಅರಿಶಿನ ಹಾಕಿ ಕಟ್ಟಿದ್ದೆ."

ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿಯಿತ್ತು. "ಇದು ನಿನ್ ತಾವೇ ಇತ್ತಾ? ಇಲ್ಲೀಗಂಟ ಯಾಕೆ ಹಾಕ್ಲಿಲ್ಲ? ಇಷ್ಟ್ ದಿನ ನಾ ಯಾರಿಗೆ ಹೂ ಮುಡಿಸ್ತಿದ್ದೆ ಹಂಗಾದ್ರೆ?"

ನಾನು ಬಾಯಿ ಬಿಟ್ಟುಕೊಂಡು ನಿಂತೆ. "ನೀನೇ ಅಲ್ವಾ ಬೆಳ್ಳಗೆ ಮಾಡ್ಸಿದ್ದು? ನಾನು ಬೇಡ ಅಂತ ಬಡ್ಕೊಳ್ಳಲಿಲ್ವಾ?"

"ನಾ ಮಾಡ್ಸುದ್ರೆ ನೀ ಕೇಳ್ಕಂಡು ಸುಮ್ಕಿರೋದಾ? ದುಃಖದಲ್ಲಿ ನಂಗೇನ್ ಗೊತ್ತಾಯ್ತದೆ? ಫೋಟೋ ತೆಗಿಯೋಳು ನೀನಾ ನಾನಾ?"

ಕೋಣೆಯ ಬಾಗಿಲು ತೆರೆದಿತ್ತು. ಗಲಾಟೆ ಕೇಳಿ ಮಗಳು ಹೊರಗೆ ಬಂದಿದ್ದಳು. ಗೋಡೆಯ ಹತ್ತಿರ ಬಂದು ತಲೆಯೆತ್ತಿ ತುಂಬ ಹೊತ್ತು ನೋಡಿದಳು. ತಾತ ಹೋದಾಗ ಅವಳು ಚಿಕ್ಕವಳು. ಅವಳಿಗೆ ನೆನಪಿದ್ದದ್ದು ದನಿ, ಕೊರಳ ಪೆಟ್ಟಿಗೆ, ಹೇಳಿಕೊಟ್ಟ ಪಾಠ. ಮುಖವನ್ನು ಗೋಡೆಯವನು ಅಳಿಸಿಬಿಟ್ಟಿದ್ದ.

"ತಾತ ಇಷ್ಟು ಕಪ್ಪಿದ್ರಾ ಅಜ್ಜಿ?"

"ಹೂಂ ಕಣವ್ವ," ಎಂದಳು ಅವ್ವ. "ಕಪ್ಪಗಿದ್ರು."

ಮುಂದಿನ ಮಾತಿಗೆ ನಾನು ಹಲ್ಲು ಕಚ್ಚಿಕೊಂಡು ಕಾದೆ. ಈಗ ಬರುತ್ತದೆ 'ಆದ್ರೂ' ಎಂದು. ಬರಲಿಲ್ಲ. ಅವ್ವ ಮೂಗು ಒರೆಸಿಕೊಂಡು, ಇಳಿಸಿಟ್ಟ ಫೋಟೋದ ಮೇಲಿದ್ದ ಮಲ್ಲಿಗೆಯನ್ನು ತೆಗೆದು ಹೊಸದಕ್ಕೆ ಮುಡಿಸಿದಳು. ಹೋಗಿ ಮತ್ತೆ ಮೊರದ ಮುಂದೆ ಕೂತಳು.

ಮರುದಿನ ಸ್ಟುಡಿಯೋ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮಗಳು ಬಂದು, ನನ್ನ ಮುಖ ನೋಡದೆ, ಕುರ್ಚಿಯ ಮೇಲೆ ಕೂತಳು. ನಾನು ದೀಪ ಹಚ್ಚಿದೆ, ಮೀಟರು ಎತ್ತಿಕೊಂಡೆ.

"ಎಲ್ಲಿ ಅಳೀಲಿ?" ಎಂದೆ.

ಅವಳು ಹುಬ್ಬು ಗಂಟಿಕ್ಕಿ ನನ್ನನ್ನು ದುರುಗುಟ್ಟಿ ನೋಡಿದಳು. ಇಷ್ಟಕ್ಕೇ ನಾನು ಬಗ್ಗಿದೆ ಎಂದುಕೊಳ್ಳಬೇಡ ಎಂಬಂತಿತ್ತು ಆ ನೋಟ. ಆಮೇಲೆ ಎಡಗೈ ಎತ್ತಿ ಅಂಗೈಯನ್ನು ಮುಖದ ಪಕ್ಕಕ್ಕೆ ತಂದು ಹಿಡಿದಳು. ಅಳೆದೆ. ಒಂದು ಮೆಟ್ಟಿಲು ಹೆಚ್ಚು ಕೊಟ್ಟೆ. ಕೈ ಇಳಿಸು ಎಂದು ಹೇಳಿ ಬಟನ್ ಒತ್ತಿದೆ.

ಅದೇ ಫೋಟೋ ಈಗ ಅವಳ ಪ್ಲಸ್ ವನ್ ಐಡಿ ಕಾರ್ಡಿನಲ್ಲಿದೆ. ನಗುತ್ತಿಲ್ಲ, ಕ್ಯಾಮೆರಾವನ್ನೇ ತಿಂದುಬಿಡುವ ಹಾಗೆ ನೋಡುತ್ತಿದ್ದಾಳೆ. ಬಣ್ಣ ತಾತನದು, ಸಿಟ್ಟು ನನ್ನದು. ಎರಡೂ ಸರಿಯಾಗಿ ಬಿದ್ದಿವೆ.